ಹೊಸ ಗಿರಾಕಿಯ ಜೊತೆ ಮೊದಲ ಮಾತು: ಎಲ್ಲಿಂದ ಶುರು ಮಾಡಬೇಕು?

ಸೇಲ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರು, ಸ್ವಂತ ಸಣ್ಣ ಉದ್ಯಮ ಶುರು ಮಾಡಿದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ನಮ್ಮ ಮಾಲು ಚೆನ್ನಾಗಿದೆ, ರೇಟೂ ಸರಿಯಾಗಿದೆ. ಆದರೆ ಗುರುತು ಪರಿಚಯ ಇಲ್ಲದವರ ಮುಂದೆ ಹೋಗಿ ಏನಂತ ಮಾತು ತೆಗೆಯೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲಿ ಮಾರಲು ಹೋಗಬೇಡಿ. ಸಂಬಂಧ ಕೇಳಲು ಹೋದ ದಿನವೇ ಯಾರೂ ಮುಹೂರ್ತ ಇಡುವುದಿಲ್ಲವಲ್ಲ, ಇದೂ ಹಾಗೆ. ಅವರು ಈಗ ಆ ಮಾಲನ್ನು ಯಾರಿಂದ ತರಿಸುತ್ತಾರೆ, ಹೇಗೆ ತರಿಸುತ್ತಾರೆ, ಎಲ್ಲಿ ತೊಂದರೆ ಆಗುತ್ತಿದೆ ಎಂದು ತಿಳಿದುಕೊಳ್ಳಿ. ಎರಡನೇ ಭೇಟಿಗೆ ಒಂದು ದಿನ ಗೊತ್ತು ಮಾಡಿಕೊಂಡು ಬನ್ನಿ. ಮೊದಲ ಮಾತಿನ ಕೆಲಸ ಇಷ್ಟೇ. ಇದು ಮನಸ್ಸಿನಲ್ಲಿ ಕೂತರೆ ಭಯ ಅರ್ಧ ಕಡಿಮೆಯಾಗುತ್ತದೆ. ಆರ್ಡರ್ ಕೇಳುವಾಗ ತಡವರಿಸುವವರು ಕೂಡ ಎದುರಿನವರ ಕೆಲಸದ ಬಗ್ಗೆ ಸಲೀಸಾಗಿ ವಿಚಾರಿಸಬಲ್ಲರು.

ಉದಾಹರಣೆಗೆ ರಟ್ಟಿನ ಪ್ಯಾಕಿಂಗ್ ಬಾಕ್ಸ್ ಮಾರುವವರನ್ನು ಇಟ್ಟುಕೊಳ್ಳುತ್ತೇನೆ. ನೀವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತಿರಬಹುದು, ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕ್ ಸ್ವಚ್ಛ ಮಾಡುವ ಸೇವೆ ಕೊಡುತ್ತಿರಬಹುದು. ದಾರಿ ಒಂದೇ.

ಹೊರಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಜಾಸ್ತಿ ಏನೂ ಬೇಡ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಇರುವ ವಿಸಿಟಿಂಗ್ ಕಾರ್ಡ್. ಜೇಬಿನಲ್ಲಿ ಹಿಡಿಯುವ ನೋಟ್‌ಬುಕ್, ಪೆನ್ನು. ಕೈಗೆ ಕೊಡಬಹುದಾದ ಒಂದು ಸ್ಯಾಂಪಲ್. ಫೋನಿನಲ್ಲಿ ಜಿಎಸ್‌ಟಿ ಸರ್ಟಿಫಿಕೇಟ್, ಪ್ಯಾನ್, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಪತ್ರ ಮತ್ತು ಕ್ಯಾನ್ಸಲ್ ಮಾಡಿದ ಚೆಕ್ಕು, ಎಲ್ಲ ಸೇರಿಸಿದ ಒಂದೇ ಪಿಡಿಎಫ್. ಹೊಸ ವೆಂಡರ್, ಅಂದರೆ ಮಾಲು ಪೂರೈಸುವವರನ್ನು, ಸೇರಿಸಿಕೊಳ್ಳುವಾಗ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಇವನ್ನೇ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಕರ್ನಾಟಕದೊಳಗೆ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟುವವರೆಗೆ, ಸೇವೆ ಕೊಡುವವರದ್ದು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೀವು ಕಂಪನಿಗಳಿಗೆ ಮಾರುವುದಾದರೆ ಮಾಡಿಸಿಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಬಿಲ್ಲಿನಲ್ಲಿ ಕೊಟ್ಟ ತೆರಿಗೆಯನ್ನು ಅವರು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಇದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ನಿಮ್ಮ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಅವರಿಗೆ ಆ ಅನುಕೂಲ ಸಿಗುವುದಿಲ್ಲ. ಮಾತು ಅಲ್ಲಿಗೇ ನಿಂತುಬಿಡಬಹುದು.

ಇನ್ನೊಂದು. ನಿಮ್ಮ ಫೋನ್ ನಂಬರ್ ಟ್ರೂಕಾಲರ್‌ನಲ್ಲಿ, ಅಂದರೆ ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ನಲ್ಲಿ, ಯಾವ ಹೆಸರಿನಲ್ಲಿ ಕಾಣುತ್ತಿದೆ ಎಂದು ಸ್ನೇಹಿತರ ಫೋನಿನಿಂದ ನೋಡಿಸಿ. ಹಳೆಯ ಅಡ್ಡಹೆಸರು ಅಥವಾ ಸ್ಪ್ಯಾಮ್ ಅಂತ ಕಾಣುತ್ತಿದ್ದರೆ ಸರಿ ಮಾಡಿಸಿಕೊಂಡೇ ಕೆಲಸ ಶುರು ಮಾಡಿ.

1. ಒಂದೇ ಏರಿಯಾ, ಒಂದೇ ಬಗೆಯ ಗಿರಾಕಿ

ಬೆಂಗಳೂರಿನಲ್ಲಿ ವ್ಯಾಪಾರ ಗುಂಪು ಗುಂಪಾಗಿ ಕೂತಿದೆ. ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗ, ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನು, ಚಿಕ್ಕಪೇಟೆಯಲ್ಲಿ ಸೀರೆ ಬಟ್ಟೆ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ದಿನಸಿ ಸಗಟು ವ್ಯಾಪಾರ. ಕಾರ್ಖಾನೆಗಳಿಗೆ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಇವೆ.

ಇದನ್ನು ಉಪಯೋಗಿಸಿಕೊಳ್ಳಿ. ಒಂದೇ ಬೀದಿಯಲ್ಲಿ ಒಂದೇ ಬಗೆಯ ಅಂಗಡಿಗಳಿಗೆ ಹೋದರೆ ಮೂರನೆಯ ಅಂಗಡಿ ಹೊತ್ತಿಗೆ ಅವರು ಬಳಸುವ ಪದಗಳು ನಿಮ್ಮ ಬಾಯಿಗೆ ಬಂದಿರುತ್ತವೆ. ಅವರ ಕಷ್ಟಗಳೂ ಗೊತ್ತಾಗಿರುತ್ತವೆ. ಇವತ್ತು ಪೀಣ್ಯ ಎರಡನೇ ಹಂತದಲ್ಲಿ ಒಂದು ಮಷಿನ್ ಶಾಪ್, ನಾಳೆ ಜಿಗಣಿಯಲ್ಲಿ ಒಂದು ಔಷಧ ಕಂಪನಿ ಅಂತ ಓಡಾಡಿದರೆ ಪ್ರತಿ ಸಲವೂ ಮೊದಲಿನಿಂದ ಕಲಿಯಬೇಕು.

ಓಡಾಟದ ಲೆಕ್ಕವೂ ಇದೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ ಬೊಮ್ಮಸಂದ್ರಕ್ಕೆ ಹೋಗಬಹುದು. ಹಾಗಂತ ಒಂದೇ ದಿನ ಎರಡೂ ಕಡೆ ಇಟ್ಟುಕೊಳ್ಳಬೇಡಿ. ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಜನ ಸಿಗುವ ಹೊತ್ತು ಕಳೆದುಹೋಗುತ್ತದೆ.

ಪೀಣ್ಯ ಕೈಗಾರಿಕಾ ಸಂಘ, ವಿಜಯನಗರದಲ್ಲಿರುವ ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಒಕ್ಕೂಟ) ಇಂಥ ಸಂಘಗಳು ನಡೆಸುವ ಕಾರ್ಯಕ್ರಮಗಳಿಗೆ ಹೋಗಿ ಬನ್ನಿ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ದೊಡ್ಡ ಪ್ರದರ್ಶನಗಳು ನಡೆಯುತ್ತವೆ, ಮಾದಾವರ ಮೆಟ್ರೋ ನಿಲ್ದಾಣ ಹತ್ತಿರ. ಆದರೆ ಪ್ರದರ್ಶನದಲ್ಲಿ ಸ್ಟಾಲ್ ಹಾಕಿರುವವರು ದುಡ್ಡು ಕೊಟ್ಟು ಬಂದಿರುವುದು ತಮ್ಮ ಮಾಲು ಮಾರಲು. ಅವರ ಮುಂದೆ ಗಿರಾಕಿ ನಿಂತಿರುವಾಗ ನಿಮ್ಮ ಮಾಲಿನ ಕಥೆ ಹೇಳಬೇಡಿ. ಜನ ಕಡಿಮೆ ಇರುವ ಹೊತ್ತು ನೋಡಿ ಕಾರ್ಡ್ ತೆಗೆದುಕೊಂಡು, "ಪ್ರದರ್ಶನ ಮುಗಿದ ಮೇಲೆ ಫ್ಯಾಕ್ಟರಿಗೆ ಬಂದು ನೋಡ್ತೀನಿ ಸಾರ್" ಅಂದರೆ ಸಾಕು.

2. ಹೋಗುವ ಮುಂಚೆ ಸ್ವಲ್ಪ ಹೋಂವರ್ಕ್

ಜಿಎಸ್‌ಟಿ ನೋಂದಣಿ ಇರುವವರು ಬಾಗಿಲಿನ ಬೋರ್ಡಿನ ಮೇಲೆ ಆ ನಂಬರ್ ಹಾಕಲೇಬೇಕು, ನಿಯಮ ಇದೆ. 15 ಅಕ್ಷರ ಅಂಕಿಗಳ ನಂಬರ್ ಅದು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಅದನ್ನು ಬರೆದುಕೊಂಡು ಜಿಎಸ್‌ಟಿ ಪೋರ್ಟಲ್‌ನ ಸರ್ಚ್ ಟ್ಯಾಕ್ಸ್‌ಪೇಯರ್ ಪುಟದಲ್ಲಿ ಹಾಕಿ. ಲಾಗಿನ್ ಬೇಡ, ದುಡ್ಡೂ ಬೇಡ. ಸಂಸ್ಥೆಯ ಸರಿಯಾದ ಹೆಸರು, ಅದು ಒಬ್ಬರದ್ದೋ ಪಾಲುದಾರರದ್ದೋ ಪ್ರೈವೇಟ್ ಲಿಮಿಟೆಡ್ಡೋ, ಯಾವಾಗ ನೋಂದಣಿಯಾಯಿತು, ಯಾವ ಬಗೆಯ ವ್ಯವಹಾರ, ಎಲ್ಲ ಕಾಣುತ್ತದೆ.

ಇದರಿಂದ ಏನು ತಿಳಿಯುತ್ತದೆ? ಪ್ರೊಪ್ರೈಟರ್‌ಶಿಪ್ ಅಂತ ಇದ್ದರೆ ಅಂಗಡಿ ಒಬ್ಬರದೇ, ತೀರ್ಮಾನ ಬಹುಮಟ್ಟಿಗೆ ಯಜಮಾನರದು. ಪ್ರೈವೇಟ್ ಲಿಮಿಟೆಡ್ ಆದರೆ ಪರ್ಚೇಸ್ ವಿಭಾಗ, ಅಂದರೆ ಖರೀದಿ ನೋಡಿಕೊಳ್ಳುವವರು, ಬೇರೆ ಇರಬಹುದು. ನೋಂದಣಿ ಈಚಿನದಾಗಿದ್ದರೆ ಅವರು ಇನ್ನೂ ವೆಂಡರ್‌ಗಳನ್ನು ಹುಡುಕುತ್ತಿರುವ ಸಾಧ್ಯತೆ ಜಾಸ್ತಿ. ಒಂದು ಎಚ್ಚರಿಕೆ: ದಿನಾಂಕ 2017ರ ಜುಲೈ 1 ಎಂದಿದ್ದರೆ ಅದು ಜಿಎಸ್‌ಟಿ ಜಾರಿಗೆ ಬಂದ ದಿನ, ಸಂಸ್ಥೆ ಹುಟ್ಟಿದ ದಿನ ಅಲ್ಲ. "ನೀವು 2017ರಲ್ಲಿ ಶುರು ಮಾಡಿದ್ರಿ ಅಲ್ವಾ ಸಾರ್" ಅಂತ ಹೇಳಿದರೆ ಅಪ್ಪನ ಕಾಲದಿಂದ ಅಂಗಡಿ ನಡೆಸುತ್ತಿರುವವರಿಗೆ ಬೇಸರವಾಗುತ್ತದೆ.

ಆಮೇಲೆ ಹೊರಗಿನಿಂದ ಕಣ್ಣಾಡಿಸಿ. ಗೇಟಿನ ಪಕ್ಕ ಹರಿದ ಬಾಕ್ಸ್ ರಾಶಿ ಬಿದ್ದಿದೆಯಾ? ಮಾಲು ಹೋಗುತ್ತಿರುವುದು ಸ್ವಂತ ಗಾಡಿಯಲ್ಲೋ ಪಾರ್ಸೆಲ್ ಸರ್ವಿಸ್‌ನಲ್ಲೋ? ಒಳಗೆ ಮಾತು ಶುರು ಮಾಡಲು ಬೇಕಾದ ಎಳೆ ಎಷ್ಟೋ ಸಲ ಹೊರಗೇ ಸಿಗುತ್ತದೆ.

3. ಹೊತ್ತು ನೋಡಿ ಹೋಗಿ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಅದೇ ಜನ, ಅದೇ ಮಾತು, ಆದರೆ ತಪ್ಪು ಹೊತ್ತಿನಲ್ಲಿ ಹೋದರೆ ಮುಖ ಕೂಡ ಎತ್ತಿ ನೋಡುವುದಿಲ್ಲ.

ಪೇಟೆಯ ಅಂಗಡಿಗಳಿಗೆ ಬೋಣಿ ಆಗುವ ಮುಂಚೆ ಕಾಲಿಡಬೇಡಿ. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಪೂಜೆ ಮಾಡಿ, ಊದುಬತ್ತಿ ಹಚ್ಚಿ, ಮೊದಲ ಗಿರಾಕಿಗಾಗಿ ಕಾಯುತ್ತಿರುವವರ ಮುಂದೆ ಮಾರಲು ಬಂದವರು ನಿಂತರೆ ಅವರಿಗೆ ಅದು ಹಿಡಿಸುವುದಿಲ್ಲ. ಸಂಜೆಯ ರಶ್ಶೂ ಬೇಡ. ಊಟವಾದ ಮೇಲೆ, ಮೂರರಿಂದ ನಾಲ್ಕೂವರೆ ಒಳಗೆ ಒಳ್ಳೆಯ ಹೊತ್ತು. ಮಂಗಳವಾರ ಮಾತ್ರ ಅದೇ ಹೊತ್ತಿಗೆ ರಾಹುಕಾಲ ಇರುತ್ತದೆ. ನೀವು ನಂಬುತ್ತೀರೋ ಇಲ್ಲವೋ ಬೇರೆ ವಿಷಯ, ಹೊಸ ವ್ಯವಹಾರದ ಮಾತನ್ನು ರಾಹುಕಾಲದಲ್ಲಿ ಆಡದ ವ್ಯಾಪಾರಿಗಳು ಪೇಟೆಯಲ್ಲಿ ಇವತ್ತಿಗೂ ಇದ್ದಾರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಬುಧವಾರ ಹನ್ನೆರಡರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ ಮೂರು, ಶನಿವಾರ ಒಂಬತ್ತರಿಂದ ಹತ್ತೂವರೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಸೋಮವಾರದ್ದು ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ, ಆಗ ಅಂಗಡಿಗಳೇ ತೆರೆದಿರುವುದಿಲ್ಲ.

ಕಾರ್ಖಾನೆಗಳ ಲೆಕ್ಕ ಬೇರೆ. ಬೆಳಗ್ಗೆ ಮೊದಲ ಒಂದೆರಡು ಗಂಟೆ ಅವರ ತಲೆಯೆಲ್ಲ ಆ ದಿನದ ಕೆಲಸದ ಮೇಲಿರುತ್ತದೆ. ಹನ್ನೊಂದರ ನಂತರ ಹೋಗಿ. ತಿಂಗಳ ಕೊನೆಯ ಮೂರು ನಾಲ್ಕು ದಿನ ಡಿಸ್ಪ್ಯಾಚ್ ಗಡಿಬಿಡಿ, ಅಂದರೆ ಮಾಲು ಹೊರಗೆ ಕಳಿಸುವ ಕೆಲಸ. ಆಗ ಬೇಡವೇ ಬೇಡ. ಯಜಮಾನರೇ ಲೆಕ್ಕಪತ್ರವನ್ನೂ ನೋಡಿಕೊಳ್ಳುವ ಸಣ್ಣ ಘಟಕಗಳಾದರೆ ಇನ್ನೂ ಕೆಲವು ದಿನಾಂಕ ತಿಳಿದಿರಲಿ. 7ಕ್ಕೆ ಟಿಡಿಎಸ್, ಅಂದರೆ ಬೇರೆಯವರಿಗೆ ಕೊಡುವ ಹಣದಲ್ಲಿ ಮುರಿದುಕೊಂಡ ಆದಾಯ ತೆರಿಗೆ, ಕಟ್ಟಬೇಕು. ತಿಂಗಳು ತಿಂಗಳು ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ, ಎರಡೂ ಜಿಎಸ್‌ಟಿ ರಿಟರ್ನ್‌ಗಳು. 15ಕ್ಕೆ ಪಿಎಫ್ ಮತ್ತು ಇಎಸ್‌ಐ, ಅಂದರೆ ಕೆಲಸಗಾರರ ಭವಿಷ್ಯನಿಧಿ ಮತ್ತು ವಿಮೆಯ ಹಣ. ಈ ದಿನಗಳ ಹಿಂದಿನ ದಿನ ಹೋಗಿ ಕೂತರೆ ಅವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ. 21ರಿಂದ 26 ನನ್ನ ಪ್ರಕಾರ ತಿಂಗಳ ಅತ್ಯುತ್ತಮ ವಾರ.

ಅಪಾರ್ಟ್‌ಮೆಂಟ್ ಆದರೆ ಹಗಲು ಹೊತ್ತಿನಲ್ಲಿ ಸಿಗುವುದು ಫೆಸಿಲಿಟಿ ಮ್ಯಾನೇಜರ್, ಅಂದರೆ ಕಟ್ಟಡದ ದಿನದಿನದ ಉಸ್ತುವಾರಿ ನೋಡುವವರು. ತೀರ್ಮಾನ ಮಾಡುವ ಕಮಿಟಿಯವರು ತಮ್ಮ ತಮ್ಮ ಆಫೀಸಿಗೆ ಹೋಗಿರುತ್ತಾರೆ. ಮೊದಲು ಮ್ಯಾನೇಜರ್ ಜೊತೆ ಮಾತಾಡಿ, ಕಮಿಟಿಯವರು ಸೇರುವ ದಿನ ಯಾವುದು ಎಂದು ಕೇಳಿಕೊಳ್ಳಿ.

4. ಗೇಟಿನಲ್ಲಿ

"ಅಣ್ಣ ನಮಸ್ಕಾರ, ಪ್ಯಾಕಿಂಗ್ ಬಾಕ್ಸ್ ಕಂಪನಿಯಿಂದ ಬಂದಿದ್ದೀನಿ. ಇಲ್ಲಿ ಪರ್ಚೇಸ್ ಯಾರು ನೋಡ್ಕೋತಾರೆ? ವೆಂಡರ್‌ಗಳನ್ನ ಯಾವ ದಿನ ನೋಡ್ತಾರೆ?"

ಇಷ್ಟು ಸಾಕು. ಹೆಸರು ಮತ್ತು ದಿನ ಸಿಕ್ಕರೆ ಆ ದಿನದ ಕೆಲಸ ಆಯಿತು ಅಂದುಕೊಳ್ಳಿ. ಅಪಾಯಿಂಟ್‌ಮೆಂಟ್ ಇಲ್ಲದೆ ಇದೆ ಅಂತ ಹೇಳಬೇಡಿ. ಡೆಲಿವರಿ ಅಂತ ಹೇಳಿ ಅಪಾರ್ಟ್‌ಮೆಂಟ್ ಒಳಗೆ ಹೋಗಬೇಡಿ. ಒಂದು ಸಲ ಸಿಕ್ಕಿಬಿದ್ದರೆ ನಿಮ್ಮನ್ನು ಒಳಗೆ ಬಿಟ್ಟ ಸೆಕ್ಯೂರಿಟಿಯವರ ಕೆಲಸಕ್ಕೂ ಕುತ್ತು ಬರುತ್ತದೆ, ಆ ಬಾಗಿಲು ನಿಮಗೆ ಶಾಶ್ವತವಾಗಿ ಮುಚ್ಚುತ್ತದೆ. ಸೆಕ್ಯೂರಿಟಿಯವರನ್ನು ದಾಟಿ ಹೋಗಬೇಕಾದ ಅಡ್ಡಿ ಅಂತ ನೋಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ. ಬಿಸಿಲಿನಲ್ಲಿ ಹನ್ನೆರಡು ಗಂಟೆ ನಿಲ್ಲುವವರು ಅವರು. "ಊಟ ಆಯ್ತಾ ಅಣ್ಣ" ಅಂತ ಮನಸಾರೆ ಕೇಳಿ.

5. ಮೊದಲ ಮೂರು ವಾಕ್ಯ

ಎದುರಿನವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತವೆ. ಇವರು ಯಾರು? ನನ್ನ ಹತ್ತಿರವೇ ಯಾಕೆ ಬಂದರು? ಎಷ್ಟು ಹೊತ್ತು ಹಿಡಿಯುತ್ತಾರೆ? ನಿಮ್ಮ ಮೊದಲ ಮೂರು ವಾಕ್ಯ ಇವಕ್ಕೆ ಉತ್ತರ ಆಗಿರಲಿ. ನಿಮ್ಮ ಹೆಸರು, ಕಂಪನಿಯ ಹೆಸರು ಹೇಳಿ ಮುಂದುವರಿಸಿ:

"ನಾವು ಈ ಏರಿಯಾದಲ್ಲಿ ರಟ್ಟಿನ ಬಾಕ್ಸ್ ಸಪ್ಲೈ ಮಾಡ್ತೀವಿ ಸಾರ್. ನಿಮ್ಮ ಮಾಲು ಪಾರ್ಸೆಲ್ ಸರ್ವಿಸ್‌ನಲ್ಲಿ ದೂರದ ಊರಿಗೆ ಹೋಗೋದು ನೋಡ್ದೆ, ದಾರೀಲಿ ಬಾಕ್ಸ್ ಹೇಗೆ ತಡ್ಕೊಳ್ತಿದೆ ಅಂತ ಕೇಳೋಣ ಅನ್ನಿಸ್ತು. ಹತ್ತು ನಿಮಿಷ ಸಾಕು. ಈಗ ಆಗಲ್ಲ ಅಂದ್ರೆ ಯಾವಾಗ ಬರಲಿ ಹೇಳಿ."

ಎರಡನೆಯ ವಾಕ್ಯವೇ ಇಲ್ಲಿ ಜೀವಾಳ. ಅದು ಪಕ್ಕದ ಕಾರ್ಖಾನೆಯಲ್ಲಿ ಹೇಳಲು ಬರುವುದಿಲ್ಲ, ಇಲ್ಲಿಗೆ ಮಾತ್ರ ಹೊಂದುತ್ತದೆ. ನೀವು ನೋಡಿದ್ದೀರಿ, ಯೋಚಿಸಿದ್ದೀರಿ ಎನ್ನುವುದು ಅವರಿಗೆ ಗೊತ್ತಾಗುತ್ತದೆ. ಕೊನೆಯ ವಾಕ್ಯ ಅವರಿಗೆ ಬೇಡ ಅನ್ನಲು ಒಂದು ಮರ್ಯಾದೆಯ ದಾರಿ ಕೊಡುತ್ತದೆ. ದಾರಿ ಇದೆ ಅಂತ ಗೊತ್ತಾದರೆ ಜನ ಅಷ್ಟು ಬಿಗಿಯಾಗುವುದಿಲ್ಲ.

ಹೇಳಬಾರದ್ದು: "ಸಾರ್, ನಮ್ಮ ಕಂಪನಿ ಐಎಸ್‌ಒ ಸರ್ಟಿಫೈಡ್, ಬೆಸ್ಟ್ ಕ್ವಾಲಿಟಿ, ಬೆಸ್ಟ್ ರೇಟ್..." ಇದನ್ನು ಅವರು ಎಲ್ಲರಿಂದಲೂ ಕೇಳಿದ್ದಾರೆ. "ಎರಡೇ ನಿಮಿಷ ಸಾರ್" ಅನ್ನುವುದೂ ಬೇಡ. ಎರಡು ನಿಮಿಷದಲ್ಲಿ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಹತ್ತಾದಾಗ ನೀವೇ, "ಹತ್ತು ನಿಮಿಷ ಆಯ್ತು ಸಾರ್, ಹೊರಡಲಾ?" ಅಂತ ಕೇಳಿ. "ಕೂತ್ಕೊಳ್ಳಿ ಪರವಾಗಿಲ್ಲ" ಅಂದರೆ ಮಾತು ಸರಿಯಾದ ದಾರಿಯಲ್ಲಿದೆ.

ಕರೆಯುವ ರೀತಿ. ಕಂಪನಿಗಳಲ್ಲಿ ಸಾರ್, ಮೇಡಂ. ಪೇಟೆಯ ಹಿರಿಯ ವ್ಯಾಪಾರಿಗಳಿಗೆ "ಯಜಮಾನ್ರೇ" ಅಂದರೆ ಒಪ್ಪುತ್ತದೆ. ಹೆಂಗಸರಿಗೆ ಆಂಟಿ ಅನ್ನಲೇಬೇಡಿ. ಗಲ್ಲಾದ ಮೇಲೆ ಹದಿನೆಂಟರ ಹುಡುಗ ಕೂತಿದ್ದರೂ ನೀವು ಎಂದೇ ಮಾತಾಡಿಸಿ. ಅವನು ಯಜಮಾನರ ಮಗನಿರಬಹುದು, ಇರದಿದ್ದರೂ ಮರ್ಯಾದೆ ಮರ್ಯಾದೆಯೇ. ಮಾತು ಕನ್ನಡದಲ್ಲೇ ಶುರು ಮಾಡಿ. ಅವರು ತಮಿಳಲ್ಲೋ ಹಿಂದಿಯಲ್ಲೋ ತೆಲುಗಿನಲ್ಲೋ ಉತ್ತರ ಕೊಟ್ಟರೆ ನಿಮಗೆ ಬಂದಷ್ಟು ಆ ಭಾಷೆಯಲ್ಲಿ ಮುಂದುವರಿಸಿ. ವ್ಯಾಕರಣ ತಪ್ಪಾದರೆ ಯಾರೂ ಆರ್ಡರ್ ತಪ್ಪಿಸುವುದಿಲ್ಲ.

6. ಪ್ರಶ್ನೆ: ನಡೆದದ್ದನ್ನು ಕೇಳಿ, ಅಭಿಪ್ರಾಯ ಕೇಳಬೇಡಿ

ಈ ಹಂತವನ್ನು ನಿಧಾನವಾಗಿ ಓದಿ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ, ಇದು ತಪ್ಪಿದರೆ ಭೇಟಿ ವ್ಯರ್ಥ.

"ನಮ್ಮ ಬಾಕ್ಸ್ ಹೇಗಿದೆ ಸಾರ್? ನಿಮಗೆ ಇಷ್ಟ ಆಯ್ತಾ?" ಅಂತ ಕೇಳಿದರೆ ನಮ್ಮ ಜನ ಏನು ಹೇಳುತ್ತಾರೆ? "ಚೆನ್ನಾಗಿದೆ, ನೋಡೋಣ." ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಅನ್ನುವ ಸಂಕೋಚ ಅದು. ನೀವು ಖುಷಿಯಾಗಿ ಹೊರಗೆ ಬರುತ್ತೀರಿ, ಆಮೇಲೆ ಫೋನ್ ಮಾಡಿದರೆ ಎತ್ತುವುದಿಲ್ಲ. ತಪ್ಪು ಅವರದ್ದಲ್ಲ, ಪ್ರಶ್ನೆಯದ್ದು.

ಅದರ ಬದಲು ಈಗಾಗಲೇ ನಡೆದುಹೋದದ್ದನ್ನು ಕೇಳಿ. ನಡೆದದ್ದನ್ನು ಹೇಳಲು ಯಾರಿಗೂ ಸಂಕೋಚ ಇರುವುದಿಲ್ಲ. ಮಾತು ಹೀಗೆ ಸಾಗಬಹುದು:

"ಈಗ ಬಾಕ್ಸ್ ಎಲ್ಲಿಂದ ತರಿಸ್ತಿದ್ದೀರಿ ಸಾರ್?"
"ಇಲ್ಲೇ ದಾಸರಹಳ್ಳಿ ಕಡೆಯಿಂದ ಒಬ್ಬರು ಕೊಡ್ತಾರೆ."
"ತಿಂಗಳಿಗೆ ಒಂದೇ ಸಲ ತರಿಸ್ತೀರಾ, ಬೇಕಾದ ಹಾಗೆಲ್ಲ ತರಿಸ್ತೀರಾ?"
"ಬೇಕಾದ ಹಾಗೆ. ಒಟ್ಟಿಗೆ ತರಿಸಿದ್ರೆ ಇಡೋಕೆ ಜಾಗ ಎಲ್ಲಿದೆ?"
"ಕೊನೇ ಸಲ ತಡ ಆಗಿದ್ದು ಯಾವಾಗ?"
"ಹೋದ ತಿಂಗಳೇ ಆಯ್ತಲ್ಲ. ಎರಡು ದಿನ ಲೇಟು."
"ಆಗ ಮಾಲು ಹೇಗೆ ಕಳಿಸಿದ್ರಿ?"
"ಹಳೇ ಬಾಕ್ಸಿಗೆ ಟೇಪ್ ಸುತ್ತಿ ಕಳಿಸಿದ್ವಿ. ಹೊಸೂರಿನ ಪಾರ್ಟಿ ಫೋನ್ ಮಾಡಿ ಕೂಗಾಡಿದ್ರು."

ಇಲ್ಲಿ ನೀವು ರೇಟಿನ ಬಗ್ಗೆ ಒಂದು ಮಾತೂ ಆಡಿಲ್ಲ. ಆದರೆ ಅವರ ನಿಜವಾದ ತೊಂದರೆ ಗೊತ್ತಾಯಿತು. ಜಾಗ ಇಲ್ಲ, ತಡವಾದರೆ ಅವರ ಗಿರಾಕಿಯ ಮುಂದೆ ಅವರ ಮರ್ಯಾದೆ ಹೋಗುತ್ತದೆ. ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತಂದು ಹಾಕುವುದು ನಿಮ್ಮಿಂದ ಆಗುವುದಾದರೆ, ಬಾಕ್ಸಿಗೆ ಐವತ್ತು ಪೈಸೆ ಕಡಿಮೆ ಮಾಡುವುದಕ್ಕಿಂತ ಅದು ಅವರಿಗೆ ದೊಡ್ಡದು. ಈ ಮಾತನ್ನು ಮೊದಲ ದಿನವೇ ಬಿಡಬೇಡಿ. ಎರಡನೇ ಭೇಟಿಗೆ ಇಟ್ಟುಕೊಳ್ಳಿ, ನಿಮ್ಮ ಕಂಪನಿಯಲ್ಲಿ ಆಗುತ್ತದೋ ಇಲ್ಲವೋ ಕೇಳಿಕೊಂಡು ಬಂದು ಹೇಳಿ. ಕೊಟ್ಟ ಮಾತು ಉಳಿಯುವುದು ಮುಖ್ಯ.

ನಿಮ್ಮ ಮಾಲಿನ ವಿದ್ಯೆ ಪ್ರಶ್ನೆಯಲ್ಲೇ ಕಾಣಲಿ. ರಟ್ಟು ತೇವ ಹೀರಿಕೊಂಡರೆ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ "ಮಳೆಗಾಲದಲ್ಲಿ ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಬಾಕ್ಸ್ ಕುಸಿದದ್ದು ಉಂಟಾ ಸಾರ್? ಈಗ ಹಾಕ್ತಿರೋದು ಮೂರು ಪ್ಲೈನಾ, ಐದು ಪ್ಲೈನಾ?" ಅಂತ ಕೇಳಬಹುದು. ಪ್ಲೈ ಅಂದರೆ ಬಾಕ್ಸಿನ ರಟ್ಟಿನಲ್ಲಿರುವ ಕಾಗದದ ಪದರ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು, "ಹೋದ ತಿಂಗಳು ರಿಟರ್ನ್ ಹಾಕುವಾಗ ಬಿಲ್ಲುಗಳನ್ನ ಜೋಡಿಸಿದ್ದು ಯಾರು, ಎಷ್ಟು ಹೊತ್ತು ಹಿಡೀತು?" ಎಂದು ಕೇಳಬಹುದು. ಅಪಾರ್ಟ್‌ಮೆಂಟಿನಲ್ಲಿ ನೀರಿಗೆ ಸಂಬಂಧಪಟ್ಟ ಸೇವೆ ಆದರೆ, "2024ರ ಬೇಸಿಗೆಯಲ್ಲಿ ನೀರಿನ ಅಭಾವ ಬಂತಲ್ಲ, ಆಗ ನೀವು ಏನು ಮಾಡಿದ್ರಿ?" ಅಂತ ಕೇಳಿ ನೋಡಿ. ಆ ಬೇಸಿಗೆ ಕಂಡ ಯಾವ ಕಮಿಟಿಯವರ ಹತ್ತಿರವೂ ಹೇಳಲು ಬೇಕಾದಷ್ಟಿರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು:

ಈಗಿನ ವೆಂಡರ್‌ನ ಬೈಯುವುದು. "ಅವರ ಮಾಲು ಸರಿ ಇಲ್ಲ ಸಾರ್" ಅಂದರೆ, ಅವರನ್ನು ಆರಿಸಿದ ಯಜಮಾನರಿಗೇ ಬುದ್ಧಿ ಇಲ್ಲ ಅಂದ ಹಾಗಾಯಿತು. ಆ ವೆಂಡರ್ ಅವರ ಬಾಮೈದನೇ ಇರಬಹುದು.

ಅವರು ತೊಂದರೆ ಹೇಳಿದ ಕೂಡಲೇ "ನಮ್ಮಲ್ಲಿ ಅದಕ್ಕೆ ಪರಿಹಾರ ಇದೆ" ಅಂತ ಬಾಯಿ ಹಾಕುವುದು. ತಡೆದುಕೊಳ್ಳಿ. "ಆಮೇಲೆ ಏನಾಯ್ತು?" ಅಂತ ಕೇಳಿ ಸುಮ್ನೆ ಕೂರಿ. ಮುಖ್ಯವಾದ ವಿಷಯ ಬರುವುದು ಅದರ ನಂತರ.

ಪೊಲೀಸ್ ವಿಚಾರಣೆಯ ಹಾಗೆ ಒಂದರ ಹಿಂದೆ ಒಂದು ಪ್ರಶ್ನೆ ಹಾಕುವುದು. ನಾಲ್ಕೈದು ಪ್ರಶ್ನೆ ಸಾಕು. ಮಧ್ಯೆ ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಬರೆದುಕೊಳ್ಳುವ ಮುಂಚೆ "ಬರ್ಕೊಳ್ಳಲಾ ಸಾರ್?" ಅಂತ ಕೇಳಿ.

ಕೊನೆಯದಾಗಿ 'ತೀರ್ಮಾನ ಯಾರದು' ಅನ್ನುವುದನ್ನು ನಯವಾಗಿ ತಿಳಿದುಕೊಳ್ಳಿ. "ನೀವೇ ಡಿಸೈಡ್ ಮಾಡೋದಾ?" ಅಂತ ಕೇಳಿದರೆ ಚುಚ್ಚಿದ ಹಾಗಾಗುತ್ತದೆ. "ಹೊಸ ವೆಂಡರ್ ತಗೊಳ್ಳುವಾಗ ನಿಮ್ಮ ಜೊತೆ ಇನ್ಯಾರು ನೋಡ್ತಾರೆ ಸಾರ್?" ಅಂದರೆ ಅದೇ ಉತ್ತರ ಬರುತ್ತದೆ.

7. ಅವರು ಹೀಗೆ ಅಂದರೆ

"ಮೊದಲು ರೇಟ್ ಹೇಳಿ." ತಪ್ಪಿಸಿಕೊಳ್ಳಬೇಡಿ, ಸಿಟ್ಟು ಬರುತ್ತದೆ. ಒಂದು ಅಂದಾಜು ಹೇಳಿ: "ಈ ಸೈಜಿಗೆ ಇಷ್ಟರಿಂದ ಇಷ್ಟರವರೆಗೆ ಬೀಳುತ್ತೆ ಸಾರ್. ಪ್ಲೈ, ಪ್ರಿಂಟಿಂಗ್ ನೋಡಿ ಸರಿಯಾದ ಕೊಟೇಶನ್ ಕೊಡ್ತೀನಿ." ಕೊಟೇಶನ್ ಅಂದರೆ ಬರೆದು ಕೊಡುವ ಬೆಲೆಪಟ್ಟಿ. ಬಾಯಿಮಾತಿನಲ್ಲಿ ಒಂದೇ ಒಂದು ಬೆಲೆ ಹೇಳಿಬಿಟ್ಟರೆ ಆಮೇಲೆ ಅದರಿಂದ ಮೇಲೆ ಹೋಗಲು ಬಿಡುವುದಿಲ್ಲ.

"ನಮಗೆ ಈಗಾಗಲೇ ಒಬ್ಬರು ಕೊಡ್ತಿದ್ದಾರೆ." ಇದು ಬೇಡ ಅನ್ನುವ ಉತ್ತರ ಅಲ್ಲ. ಕೊಳ್ಳುವ ಅಭ್ಯಾಸ ಇದೆ ಅಂತ ಅರ್ಥ. "ಅವರನ್ನ ಬಿಡಿಸೋಕೆ ಬಂದಿಲ್ಲ ಸಾರ್. ಅವರ ಹತ್ತಿರ ಸ್ಟಾಕ್ ಇಲ್ಲದ ದಿನ ನಮ್ಮ ನಂಬರ್ ಇರಲಿ" ಅನ್ನಿ. ಎರಡನೇ ವೆಂಡರ್ ಆಗಿ ಒಳಗೆ ಹೋಗುವುದು ಎಲ್ಲಕ್ಕಿಂತ ಸುಲಭದ ದಾರಿ.

"ಡೀಟೇಲ್ಸ್ ವಾಟ್ಸಾಪ್ ಮಾಡಿ." ಹೆಚ್ಚಿನ ಸಲ ಇದು ಸಾಗಹಾಕುವ ಮಾತು. "ಖಂಡಿತ ಸಾರ್. ಸುಮ್ನೆ ಎಲ್ಲ ಕಳಿಸೋದು ಬೇಡ, ನೀವು ಜಾಸ್ತಿ ಬಳಸೋ ಸೈಜ್ ಯಾವುದು ಹೇಳಿ, ಅದನ್ನ ಮಾತ್ರ ಕಳಿಸ್ತೀನಿ" ಅನ್ನಿ. ಸೈಜ್ ಹೇಳಿದರೆ ಆಸಕ್ತಿ ಇದೆ. ಹೇಳದಿದ್ದರೆ ಇಲ್ಲ.

"ಕ್ರೆಡಿಟ್ ಎಷ್ಟು ದಿನ ಕೊಡ್ತೀರಿ?" ಅಂದರೆ ಮಾಲು ಕೊಟ್ಟ ಮೇಲೆ ಹಣಕ್ಕೆ ಎಷ್ಟು ದಿನ ಕಾಯುತ್ತೀರಿ ಅಂತ. ಮೊದಲ ದಿನ ದೊಡ್ಡ ಮಾತು ಕೊಡಬೇಡಿ. ನೀವು ತಯಾರಕರಾಗಿದ್ದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ) ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ನಿಮಗೆ ಹಣ ಬರಬೇಕು. ಕಾನೂನಿನ ಮಾತನ್ನು ಮೊದಲ ಭೇಟಿಯಲ್ಲಿ ಎತ್ತಬೇಡಿ, ಆದರೆ ಅದಕ್ಕಿಂತ ಜಾಸ್ತಿ ದಿನಕ್ಕೆ ಒಪ್ಪಿಕೊಳ್ಳಲೂ ಬೇಡಿ. "ಮೊದಲ ಎರಡು ಆರ್ಡರ್ ಕ್ಯಾಶ್ ಮೇಲೆ ಮಾಡೋಣ, ಆಮೇಲೆ ಕೂತು ಮಾತಾಡೋಣ" ಅನ್ನುವುದು ಪೇಟೆಯಲ್ಲಿ ಒಪ್ಪುವ ಮಾತು.

"ಬೇಡ." ಸರಿ. "ಆಯ್ತು ಸಾರ್, ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್" ಅಂತ ಎದ್ದು ಬನ್ನಿ. ಒತ್ತಾಯ ಮಾಡಬೇಡಿ.

8. ಏಳುವ ಮುಂಚೆ ಒಂದು ದಿನಾಂಕ

"ಸಿಗೋಣ ಸಾರ್" ಅಂತ ಹೇಳಿ ಬಂದರೆ ಏನೂ ಆಗಲಿಲ್ಲ ಅಂತ ಲೆಕ್ಕ. ಅವರು ಬಳಸುವ ಒಂದು ಬಾಕ್ಸಿನ ಅಳತೆ ಕೇಳಿ, "ಗುರುವಾರ ಹನ್ನೊಂದಕ್ಕೆ ಇದೇ ಅಳತೆಯ ಎರಡು ಸ್ಯಾಂಪಲ್ ತರ್ತೀನಿ, ಹತ್ತು ಕೆಜಿ ತುಂಬಿಸಿ ನೋಡೋಣ" ಅನ್ನಿ. ದಿನ, ಹೊತ್ತು, ಕೆಲಸ ಮೂರೂ ಇರಲಿ. ಮುಂದೆ ಆಷಾಢವೋ ದಸರೆಯೋ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಆಷಾಢದಲ್ಲಿ ಹೊಸದು ಶುರು ಮಾಡದವರು ತುಂಬಾ ಜನ. ಆಯುಧಪೂಜೆಯ ವಾರ ಕಾರ್ಖಾನೆಗಳಲ್ಲಿ ಮಷಿನ್ ತೊಳೆದು ಪೂಜೆ ಮಾಡುವ ಸಂಭ್ರಮ, ಆಗ ಹೋಗಿ ಶುಭಾಶಯ ಹೇಳಿ ಬರಬಹುದು, ವ್ಯಾಪಾರದ ಮಾತು ಬೇಡ.

9. ಅದೇ ಸಂಜೆ ಮೆಸೇಜ್

ಚಿಕ್ಕದಾಗಿರಲಿ. ಅವರು ಹೇಳಿದ ಒಂದು ಮಾತು ಅದರಲ್ಲಿ ಇರಲಿ. "ನಮಸ್ಕಾರ ಸಾರ್, ಇವತ್ತು ಪೀಣ್ಯದಲ್ಲಿ ಭೇಟಿಯಾಗಿದ್ದೆ. ಜಾಗ ಕಡಿಮೆ ಇರುವುದರಿಂದ ಸ್ವಲ್ಪ ಸ್ವಲ್ಪ ತರಿಸುತ್ತೀರಿ ಅಂದಿರಿ. ಗುರುವಾರ 11ಕ್ಕೆ ಸ್ಯಾಂಪಲ್ ತರುತ್ತೇನೆ." ಅಷ್ಟೇ. ಮೂವತ್ತು ಫೋಟೋ, ಹಬ್ಬದ ಚಿತ್ರ, ಗುಡ್ ಮಾರ್ನಿಂಗ್ ಹೂವು ಬೇಡ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯನ್ನು, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ತುಂಬಾ ಜನಕ್ಕೆ ಕಳಿಸುವ ಪಟ್ಟಿಯನ್ನು, ನಂಬಿಕೊಳ್ಳಬೇಡಿ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಗುರುತಿಲ್ಲದವರಿಗೆ ಸಾಲಾಗಿ ಕಳಿಸಿದರೆ ಅವರು ರಿಪೋರ್ಟ್ ಮಾಡುತ್ತಾರೆ, ನಿಮ್ಮ ಖಾತೆಯೇ ಬಂದ್ ಆಗಬಹುದು.

ಫೋನಿನಲ್ಲೇ ಶುರು ಮಾಡಬೇಕಾದರೆ

ಮುಂಚೆ ಮಾತಾಡದವರಿಗೆ ನೇರವಾಗಿ ಫೋನ್ ಮಾಡುವುದನ್ನು ಕೋಲ್ಡ್ ಕಾಲ್ ಅನ್ನುತ್ತಾರೆ. ನನ್ನ ಸಲಹೆ, ಸಾಧ್ಯವಾದಷ್ಟು ಕಡಿಮೆ ಮಾಡಿ. ಕಾನೂನಿನ ಕಾರಣವೂ ಇದೆ. ಪ್ರಚಾರದ ಕರೆಗಳಿಗೆ ನೋಂದಣಿ ಬೇಕು, ಅವಕ್ಕೆ 140ರಿಂದ ಶುರುವಾಗುವ ನಂಬರ್‌ಗಳಿವೆ. ಸಾಮಾನ್ಯ ಮೊಬೈಲ್‌ನಿಂದ ಇಂಥ ಕರೆ ಮಾಡಿದರೆ ಯಾರು ಬೇಕಾದರೂ 1909ಕ್ಕೆ ದೂರು ಕೊಡಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಹತ್ತು ದಿನದಲ್ಲಿ ಐದು ದೂರು ಬಂದರೆ ಸಾಕು, ಕ್ರಮ ಶುರುವಾಗುತ್ತದೆ. ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್. ಯಾರೋ ಮಾರುವ ನಂಬರ್ ಪಟ್ಟಿ ಕೊಳ್ಳಲೇಬೇಡಿ.

ಪರಿಚಯದವರು ಕೊಟ್ಟ ನಂಬರ್, ಕಾರ್ಡ್ ವಿನಿಮಯ ಮಾಡಿಕೊಂಡವರ ನಂಬರ್ ಆದರೆ ಸರಿ. ಅವರೇ ವಿಚಾರಿಸಿದ ಲೀಡ್ ಆದರೆ, ಅಂದರೆ ಕೊಳ್ಳುವ ಆಸಕ್ತಿ ತೋರಿಸಿದವರಾದರೆ, ತಡ ಮಾಡದೆ ಅವತ್ತೇ ಕರೆ ಮಾಡಿ. ಪರಿಚಯ ಮಾಡಿಸಿದವರ ಹೆಸರು ಮೊದಲ ವಾಕ್ಯದಲ್ಲೇ ಬರಲಿ, ಅದಕ್ಕೆ ಮುಂಚೆ ಅವರ ಒಪ್ಪಿಗೆ ಪಡೆದಿರಿ. "ಮಾತಾಡಬಹುದಾ ಸಾರ್, ಗಾಡಿ ಓಡಿಸ್ತಿದ್ದೀರಾ?" ಅಂತ ಕೇಳಿ. ಫೋನಿನ ಗುರಿ ಇನ್ನೂ ಚಿಕ್ಕದು: ಹೋಗಿ ಭೇಟಿ ಮಾಡಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳುವುದು. ಸಿಕ್ಕ ಕೂಡಲೇ ಫೋನ್ ಇಡಿ.

ಉತ್ತರ ಬಾರದಿದ್ದರೆ

ಮೂರು ಸಲ ಸಂಪರ್ಕಿಸಿ, ನಡುವೆ ಒಂದೊಂದು ವಾರ ಬಿಡಿ. ಪ್ರತಿ ಸಲವೂ ಹೊಸದೇನಾದರೂ ಇರಬೇಕು: ಕೇಳಿದ ಅಳತೆಯ ಸ್ಯಾಂಪಲ್, ಕಾಗದದ ಬೆಲೆ ಬದಲಾದ ಸುದ್ದಿ, ಅವರ ಏರಿಯಾಕ್ಕೆ ನಿಮ್ಮ ಗಾಡಿ ಬರುವ ದಿನ. "ಏನಾಯ್ತು ಸಾರ್, ನೋಡಿದ್ರಾ?" ಅನ್ನುವುದು ಫಾಲೋಅಪ್ ಅಲ್ಲ. ಮೂರಕ್ಕೂ ಉತ್ತರ ಇಲ್ಲದಿದ್ದರೆ ನಿಲ್ಲಿಸಿ. ನೋಟ್‌ಬುಕ್ಕಿನಲ್ಲಿ ಅವರು ಹೇಳಿದ ತೊಂದರೆ, ಬಳಸುವ ಸೈಜ್, ಮತ್ತೆ ಯಾವ ತಿಂಗಳು ಹೋಗಬೇಕು ಎಂದು ಬರೆದಿಡಿ. ಬಾಕ್ಸ್ ಮಾರುವವರಾದರೆ ಮೇ ಕೊನೆಯ ವಾರ ಅಂತ ಬರೆದುಕೊಳ್ಳಿ, ಜೂನ್‌ನಲ್ಲಿ ಮಳೆ ಹಿಡಿಯುವ ಮುಂಚೆ ಕೇಳಲು ನಿಮ್ಮ ಹತ್ತಿರ ಒಂದು ಸರಿಯಾದ ಪ್ರಶ್ನೆ ಇರುತ್ತದೆ.